ಬೋಧಿಗಿಡದ ಸೊಟ್ಟ ಚಿಗುರು

ಶಹಾಬಾದಿನ ಕಲ್ಲುಗಣಿಯಲ್ಲಿ ದುಡಿದು ಸತ್ತ ಅಪ್ಪನ ಬೂದಿ ಹಾಕಿ, ಸಂಘಪಾಲ ಅಂಗಳದಲ್ಲಿ ಬೋಧಿಗಿಡ ನೆಟ್ಟು, ಬುಡದ ಸುತ್ತ ಹಾಸುಗಲ್ಲಿನ ಕಟ್ಟೆ ಮಾಡಿದ್ದ. ಈಗ ಅದರ ಹೊಸ ಚಿಗುರೆಲ್ಲ ಸುರುಳಿ ಸುತ್ತಿ, ಎಲೆಗಳು ದಾರದಂತೆ ಸಣ್ಣಗಾಗಿದ್ದವು.

"ಬಾಜೂಮನಿ ಹಣಮಂತರಾಯಂದೇ ಕೆಲಸ! ರಾತ್ರಿ ಏನೋ ಹೊಡದಾನ," ಎನ್ನುತ್ತ ಅವನು ಹಾರೆ ಹಿಡಿದು ಹೊರಟೇಬಿಟ್ಟ.

"ನಿಂದ್ರೋ ಹುಚ್ಚಪ್ಯಾಲಿ! ಮಂದಿ ಮ್ಯಾಲ ಹಾರಿ ಎತ್ತಾಕ ಭಾಳ ಶಾಣ್ಯಾ ಇದ್ದಿ." ಅವ್ವ ಲಾಲಮ್ಮ ಗಿಡದ ಬುಡದಲ್ಲಿ ಕುಳಿತು ನೋಡಿದಳು. "ಹಳೀ ಎಲಿ ನೆಟ್ಟಗ ಅವ. ಹುಳ ಇಲ್ಲ. ಈ ಕಲ್ಲಿನ ಸಂದ್ಯಾಗಿನ ಕಸ ನೋಡು, ಅದೂ ಹಿಂಗೇ ಸೊಟ್ಟ ಆಗ್ಯಾದ. ಇದಕ್ಕ ಏನ್ ಹೊಡದಿ?"

ಸಂಘಪಾಲ ಎತ್ತಿದ್ದ ಹಾರೆ ಇಳಿಸಿದ. ಅಪ್ಪನ ಕಟ್ಟೆ ಚೊಕ್ಕಟವಾಗಿರಲೆಂದು ಹಾಸುಗಲ್ಲಿನ ಸಂದಿಗಳಿಗೆಲ್ಲ ಕಳೆನಾಶಕ ಹೊಡೆದವನು ತಾನೇ.

"ಬದುಕತದೇನವ್ವಾ?"

"ಗಿಡದ ಬೊಡ್ಡಿ ಇನ್ನಾ ಹಸಿ ಅದ. ಮುಂದಿನ ಚಿಗುರು ಬಂದಾಗ ತಿಳೀತದ."

ಅವನು ಹಾರೆಯನ್ನು ಹಾಸುಗಲ್ಲಿನ ಅಡಿಗೆ ಕೊಟ್ಟ. ಅಪ್ಪನೇ ಕಡಿದು ತಂದಿದ್ದ ಕಲ್ಲುಗಳು. ಒಂದೊಂದನ್ನೇ ಎತ್ತಿಟ್ಟು, ಕೆಳಗಿನ ಬೂದಿ ಕದಡದಂತೆ, ವಿಷ ಕುಡಿದ ಮೇಲ್ಮಣ್ಣನ್ನು ಬೆರಳಿನಿಂದ ಬಗೆಯತೊಡಗಿದ.