ನೋಯದ ಕಾಲು

ಹೂಮೀನಿನ ಗಂಜಿಗೆ ಬೆಳಗಿನ ಗಿರಾಕಿಗಳು ಸಾಲು ನಿಂತಿದ್ದಾಗಲೇ ಜಿನ್‌ಶುಯಿಯ ಫೋನು ಬಡಿದುಕೊಂಡಿತು. ಮೀನಿನ ಮುಳ್ಳು ಬಿಡಿಸುತ್ತಿದ್ದವನು ಚಾಕು ಕೆಳಗಿಟ್ಟು, ಏಪ್ರನ್ನಿಗೆ ಕೈ ಒರೆಸಿಕೊಂಡು, ರಬ್ಬರ್ ಬೂಟು ಎಳೆಯುತ್ತಾ ಅಂಗಡಿಯ ಹಿಂದಕ್ಕೆ ಹೋದ. ಹೋಗುವಾಗ ಅವನ ಮುಖ ಅರಳಿದ್ದನ್ನು ಹೆಂಡತಿ ಬೀಯೂ ನೋಡಿದಳು. ಈಚಿನ ವರ್ಷಗಳಲ್ಲಿ ತಾನು ಕರೆದಾಗ ಆ ಮುಖ ಹಾಗೆ ಅರಳಿದ್ದು ಅವಳಿಗೆ ನೆನಪಿರಲಿಲ್ಲ. ಕೈಯಲ್ಲಿದ್ದ ಸೌಟು ಬಟ್ಟಲಿಗೆ ಜೋರಾಗಿಯೇ ತಾಗಿತು.

ಫೋನು ಮಾಡಿದವಳು ಪೇಶಾನ್, ಆಸ್ಪತ್ರೆಯ ಸಕ್ಕರೆ ಕಾಯಿಲೆ ವಿಭಾಗದ ನರ್ಸು. ಯಾವ ರೋಗಿ ಯಾವ ಡಾಕ್ಟರನ್ನು ಯಾವಾಗ ಕಾಣಬೇಕು, ಒಬ್ಬ ಡಾಕ್ಟರು ಹೇಳಿದ್ದು ಇನ್ನೊಬ್ಬರ ಕಿವಿಗೆ ಬಿತ್ತೇ, ಮನೆಗೆ ಹೋದ ಮೇಲೆ ರೋಗಿ ಏನು ಮಾಡುತ್ತಿದ್ದಾನೆ ಎಂದು ಎಲ್ಲವನ್ನೂ ಕೂಡಿಸಿ ನೋಡಿಕೊಳ್ಳುವುದು ಅವಳ ಕೆಲಸ. ಇನ್ನೂ ಚಿಕ್ಕ ವಯಸ್ಸು. ಜಿನ್‌ಶುಯಿಯನ್ನು ದೊಡ್ಡಪ್ಪ ಎನ್ನುತ್ತಿದ್ದಳು. ಕದ್ದು ತಿಂದ ಅನಾನಸ್ ಕೇಕಿನ ಲೆಕ್ಕವನ್ನೂ ಅವನು ಅವಳಿಗೆ ಒಪ್ಪಿಸುತ್ತಿದ್ದ. ಹೆಂಡತಿ ಕೇಳಿದರೆ ಮಾತ್ರ ಬಾಯಿ ಒರೆಸಿಕೊಂಡು ಆಕಾಶ ನೋಡುತ್ತಿದ್ದ.

ಅಂದು ಬೀಯೂ ಗಂಜಿಯ ಪಾತ್ರೆ ಬಿಟ್ಟು ಬಾಗಿಲ ಮರೆಗೆ ಹೋಗಿ ನಿಂತಳು. ಎಡಗಾಲು ಊದಿಕೊಂಡಿದೆ, ಚಪ್ಪಲಿ ಹಿಡಿಸುತ್ತಿಲ್ಲ ಎಂದು ಅವನು ಹೇಳುತ್ತಿದ್ದ. ಆ ಕಾಲಿನ ಕಾಲುಚೀಲ ಒಗೆಯುವವಳು ತಾನು, ಆ ಕಾಲಿನ ಸುದ್ದಿ ಮೊದಲು ಮುಟ್ಟಿದ್ದು ಇನ್ಯಾರಿಗೋ.

"ಕಾಲು ಊದಿದ್ದು ನಂಗೆ ಹೇಳಕ್ಕೆ ಬಾಯಿ ಇರ್ಲಿಲ್ವಾ?" ಎಂದು ಕೇಳಿದಳು, ಅವನು ಒಳಗೆ ಬಂದೊಡನೆ.

"ನಿಂಗೆ ಹೇಳಿದ್ರೆ ಕಷಾಯ ಕಾಯಿಸಿ ಮೂಗು ಹಿಡಿದು ಕುಡಿಸ್ತೀಯ. ಆ ಹುಡುಗಿಯಾದ್ರೆ ಕೇಳಿಸ್ಕೋತಾಳೆ."

ಮೂಳೆ ಡಾಕ್ಟರೂ ಸಕ್ಕರೆ ಡಾಕ್ಟರೂ ಒಟ್ಟಿಗೆ ನೋಡುವ ಹಾಗೆ ವಾರದ ಕೊನೆಗೆ ಸಮಯ ಗೊತ್ತು ಮಾಡಿದ್ದಾಳೆ, ಅಲ್ಲಿಯವರೆಗೆ ಕಾಲು ನೆಲಕ್ಕೆ ಊರಬಾರದಂತೆ ಎಂದು ಅವನು ತಿಳಿಸಿದ. ನೋವಿದೆಯೇ ಎಂದು ಬೀಯೂ ಕೇಳಿದಳು. ಒಂದಿಷ್ಟೂ ಇಲ್ಲ ಎಂದ.

"ನೋವೇ ಇಲ್ದಿದ್ಮೇಲೆ ಎಂಥ ಕಾಯಿಲೆ? ಅವಳಿಗೆ ನಿನ್ನ ಕರೆಸ್ಕೊಳ್ಳೋಕೆ ಒಂದು ನೆಪ ಬೇಕು."

ಮಾತಿನಲ್ಲಿ ಹುರುಳಿಲ್ಲ ಎಂದು ಅವಳಿಗೂ ಗೊತ್ತಿತ್ತು. ಆದರೆ ನೋವಿಲ್ಲದ ಕಾಲಿಗೆ ಚಿಂತೆ ಬೇಡ ಎಂಬುದು ಜಿನ್‌ಶುಯಿಗೆ ಇಷ್ಟವಾಯಿತು. ಅವನು ಮತ್ತೆ ಬೂಟು ಏರಿಸಿ ಮೀನಿನ ಮುಂದೆ ನಿಂತ.

ಮರುದಿನ ಮಧ್ಯಾಹ್ನ ಅವನು ಮಂಜುಗಡ್ಡೆ ತರಲು ಹೋಗಿದ್ದಾಗ ಫೋನು ಮೇಜಿನ ಮೇಲೇ ಇತ್ತು. ಪೇಶಾನಳ ಹೆಸರು ಕಂಡು ಬೀಯೂ ಎತ್ತಿದಳು. ಮೂಳೆ ಡಾಕ್ಟರಿಗೆ ಕಾಲಿನ ಲಕ್ಷಣ ವಿವರಿಸಿದೆ, ವಾರದ ಕೊನೆಯವರೆಗೆ ಕಾಯುವುದು ಬೇಡವಂತೆ, ಇವತ್ತು ಸಂಜೆಯೇ ಬನ್ನಿ, ಎಕ್ಸರೇಯವರಿಗೂ ಪ್ಲಾಸ್ಟರ್ ಹಾಕುವವರಿಗೂ ಹೇಳಿ ನಿಲ್ಲಿಸಿಕೊಂಡಿದ್ದೇನೆ ಎಂದಳು ಪೇಶಾನ್. "ದೊಡ್ಡಮ್ಮ, ದಯವಿಟ್ಟು ನಡೆಸ್ಬೇಡಿ ಅವರನ್ನ," ಎಂದು ಕೊನೆಗೆ ಸೇರಿಸಿದಳು.

ಹೇಳುತ್ತೇನೆ ಎಂದಳು ಬೀಯೂ. ಹೇಳಲಿಲ್ಲ. ಅವನ ಊತವನ್ನು ತಾನೇ ಇಳಿಸಿ ತೋರಿಸಬೇಕು, ಆ ಹುಡುಗಿಯ ಮುಂದೆ ಅವನು ಹೆಂಡತಿಯನ್ನು ಹೊಗಳಬೇಕು ಎಂಬ ಹಟ ಅವಳ ತಲೆಯಲ್ಲಿ ಕುಳಿತಿತ್ತು.

ಅದಕ್ಕೆ ದಾರಿ ದೇವಸ್ಥಾನದ ಹಿಂದಿನ ಪಾರ್ಕಿನಲ್ಲೇ ಇತ್ತು. ಸಿಮೆಂಟಿನಲ್ಲಿ ಉರುಟು ಕಲ್ಲುಗಳನ್ನು ನೆಟ್ಟು ಮಾಡಿದ ಕಲ್ಲುದಾರಿ ಅದು. ಅಲ್ಲಿ ಬರಿಗಾಲಲ್ಲಿ ನಡೆದರೆ ರಕ್ತ ಓಡುತ್ತದೆ, ಊತ ಇಳಿಯುತ್ತದೆ, ಅಂಗಾಲಿನಲ್ಲಿ ಎಲ್ಲಿ ನೋವಾಗುತ್ತದೋ ಅದಕ್ಕೆ ಸೇರಿದ ಒಳಗಿನ ಅಂಗ ಕೆಟ್ಟಿದೆ ಎಂದು ಓಣಿಯವರೆಲ್ಲ ನಂಬಿದ್ದರು. ಅಂದೇ ಸಂಜೆ ಬೀಯೂ ಗಂಡನನ್ನು ಅಲ್ಲಿಗೆ ಕರೆತಂದಳು. ಉಳಿದವರು ಹಲ್ಲು ಕಚ್ಚಿ, ಕಂಬಿ ಹಿಡಿದು ಹೆಜ್ಜೆ ಇಡುತ್ತಿದ್ದರೆ ಜಿನ್‌ಶುಯಿ ಕೈ ಬೀಸಿಕೊಂಡು ನಡೆದ. ಪಿತ್ತಕೋಶ, ಮೂತ್ರಪಿಂಡ ಎಲ್ಲ ಹೊಸದಿರಬೇಕು ಎಂದು ಮುದುಕರು ಹೊಗಳಿದರು. ಬೀಯೂ ಉಬ್ಬಿಹೋದಳು. ಇನ್ನೊಂದು ಸುತ್ತು ಹಾಕು ಎಂದಳು. ಅವನು ಹಾಕಿದ.

ಆಮೇಲೆ ನಲ್ಲಿಯಲ್ಲಿ ಕಾಲು ತೊಳೆದುಕೊಂಡು ಅವನು ಒಣ ಸಿಮೆಂಟಿನ ಮೇಲೆ ಬೆಂಚಿನತ್ತ ಹೋದ. ಹಿಂದೆ ಬರುತ್ತಿದ್ದ ಬೀಯೂ ನೆಲ ನೋಡಿ ನಿಂತಳು. ಬಲಗಾಲಿನ ಒದ್ದೆ ಗುರುತಿನಲ್ಲಿ ಬೆರಳು, ಹಿಮ್ಮಡಿ, ನಡುವೆ ಒಳಗೆ ಬಾಗಿದ ಜಾಗ ಇತ್ತು. ಎಡಗಾಲಿನ ಗುರುತಿನಲ್ಲಿ ಆ ಬಾಗು ಇರಲಿಲ್ಲ. ನಡುಪಾದ ಪೂರಾ ನೆಲಕ್ಕೆ ಅಂಟಿ ಹೊರಕ್ಕೆ ಉಬ್ಬಿತ್ತು. ಅವಳು ಓಡಿಹೋಗಿ ಅವನ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಎರಡೂ ಪಾದ ಹಿಡಿದಳು. ಬಲಗಾಲು ನಲ್ಲಿ ನೀರಿಗೆ ತಣ್ಣಗಾಗಿತ್ತು. ಎಡಗಾಲು ಗಂಜಿ ತುಂಬಿದ ಬಟ್ಟಲಿನ ಹಾಗೆ ಬಿಸಿಯಾಗಿತ್ತು. ಒತ್ತಿದಾಗ ಒಳಗೆ ಏನೋ ಸರಿದಂತಾಯಿತು.

"ಇದು ನೋಯಲ್ವಾ?"

"ನೀನು ಮುಟ್ಟಿದ್ದೇ ಗೊತ್ತಾಗ್ತಿಲ್ಲ," ಎಂದ ಜಿನ್‌ಶುಯಿ ನಗುತ್ತಾ.

ಬೀಯೂ ಎದ್ದಳು. ಅವನ ಜೇಬಿನಿಂದ ಫೋನು ಕಿತ್ತುಕೊಂಡು ತಾನೇ ಕರೆ ಮಾಡಿ, ಎಡಗಾಲು ಬಿಸಿಯಾಗಿದೆ ಎಂದಳು. ಇನ್ನೂ ಕಾಯುತ್ತಿದ್ದೇವೆ, ಬನ್ನಿ ಎಂದಳು ಪೇಶಾನ್. ಅವನನ್ನು ನೆಲಕ್ಕೆ ಕಾಲಿಡಲು ಬಿಡದೆ ಮುದುಕರಿಬ್ಬರು ಎತ್ತಿ ಬೀಯೂಳ ಸ್ಕೂಟರಿನ ಹಿಂದೆ ಕೂರಿಸಿದರು.

ಎಕ್ಸರೇಯಲ್ಲಿ ನಡುಪಾದದ ಮೂಳೆಗಳು ಮುರಿದು ಕೀಲುಗಳಿಂದ ಜಾರಿದ್ದವು. ಸಕ್ಕರೆಯಿಂದ ನರಗಳು ಸತ್ತಿವೆ, ಅದಕ್ಕೇ ಮುರಿದದ್ದು ಗೊತ್ತಾಗಿಲ್ಲ, ಮುರಿದ ಮೂಳೆಯ ಮೇಲೇ ನಡೆದಿದ್ದಾರೆ ಎಂದರು ಮೂಳೆ ಡಾಕ್ಟರು. ಹೀಗೇ ಬಿಟ್ಟಿದ್ದರೆ ಹುಣ್ಣಾಗಿ ಕಾಲೇ ಕತ್ತರಿಸಬೇಕಾಗುತ್ತಿತ್ತು. ಈಗ ತಿಂಗಳುಗಟ್ಟಲೆ ಪ್ಲಾಸ್ಟರ್ ಇರಬೇಕು, ಭಾರ ಬಿಡಬಾರದು. ಪಾದ ಮೊದಲಿನ ಆಕಾರಕ್ಕೆ ಬರುವುದಿಲ್ಲ, ಉಳಿದರೆ ಸಾಕು ಎಂದರು.

ಪ್ಲಾಸ್ಟರ್ ಹಾಕುವಾಗ ಹೆಂಗಸರಿಬ್ಬರೂ ಹೊರಗೆ ನಿಂತಿದ್ದರು. ಬೈಗುಳಕ್ಕೆ ಕಾದು ಸಾಕಾಗಿ ಬೀಯೂ ತಾನೇ ಬಾಯಿ ಬಿಟ್ಟಳು.

"ನೀನು ಫೋನ್ ಮಾಡಿದ್ದು ನಾನು ಅವನಿಗೆ ಹೇಳ್ಲೇ ಇಲ್ಲ. ಕಲ್ಲಿನ ಮೇಲೆ ನಡೆಸ್ದೆ."

ಪೇಶಾನಳ ಮುಖ ಬಿಗಿಯಿತು. "ಯಾಕೆ ದೊಡ್ಡಮ್ಮ?"

"ನಿನ್ನ ಫೋನ್ ಬಂದ್ರೆ ಅವ್ನು ನಗ್ತಾನೆ."

ಪೇಶಾನ್ ಗೋಡೆಗೆ ಒರಗಿದಳು. ಬಂದ ಸಿಟ್ಟನ್ನು ನುಂಗಿಕೊಂಡೇ ಮಾತಾಡಿದಳು.

"ನನ್ನ ಹತ್ರ ನಗೋದು ಸುಲಭ. ನಾನೇನು ಅವರ ಕೈಯಿಂದ ಕೇಕ್ ಕಿತ್ಕೋತೀನಾ? ಆದ್ರೆ ಫೋನಲ್ಲಿ ಕಾಲು ಮುಟ್ಟಕ್ಕಾಗಲ್ಲ, ದೊಡ್ಡಮ್ಮ. ಬಿಸಿ ಇದೆ ಅಂತ ಕಂಡುಹಿಡಿದಿದ್ದು ನಿಮ್ಮ ಕೈ. ಇನ್ಮೇಲೆ ಭಾರ ಎಲ್ಲ ಬಲಗಾಲಿಗೆ ಬೀಳತ್ತೆ. ದಿನಾ ಬೆಳಿಗ್ಗೆ ಅದನ್ನ ಮುಟ್ಟಿ ನೋಡಿ ನಂಗೆ ನೀವು ಹೇಳ್ಬೇಕು. ಅವರು ಹೇಳಿದ್ರೆ ನಾನು ನಂಬಲ್ಲ."

ಆಮೇಲೆ ಜಿನ್‌ಶುಯಿ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತು, ಪ್ಲಾಸ್ಟರ್ ಕಾಲನ್ನು ಮೀನಿನ ಡಬ್ಬದ ಮೇಲೆ ಚಾಚಿ ಮುಳ್ಳು ಬಿಡಿಸತೊಡಗಿದ. ಅಂಗಡಿ ತೆರೆಯುವ ಮೊದಲು ಬೀಯೂ ಅವನ ಬಲಗಾಲು ಮುಟ್ಟಿ ನೋಡಿ ಹಿಂದಕ್ಕೆ ಹೋಗಿ ಫೋನು ಮಾಡುತ್ತಿದ್ದಳು. ಮಾತು ಕಾಲಿನಿಂದ ಶುರುವಾಗಿ ಪೇಶಾನಳ ಮದುವೆಯವರೆಗೂ ಹೋಗುತ್ತಿತ್ತು.

"ಅಷ್ಟೊತ್ತು ಅವಳ ಹತ್ರ ಎಂಥ ಮಾತು ನಿಂಗೆ?" ಎಂದು ಜಿನ್‌ಶುಯಿ ಒಂದು ದಿನ ಮುಖ ಊದಿಸಿಕೊಂಡು ಕೇಳಿದ.

"ನಿಂಗ್ಯಾಕೆ?" ಎಂದಳು ಬೀಯೂ, ತುಂಬಾ ಖುಷಿಯಿಂದ.

ಪ್ಲಾಸ್ಟರ್ ಹೋಗಿ ಪಾದದ ಅಳತೆಗೆ ಹೊಲಿಸಿದ ಬೂಟು ಬಂದ ಮೇಲೆ, ಒಂದು ಸಂಜೆ ಅವಳು ಪಾರ್ಕಿನ ಮೂಲಕ ಬರುತ್ತಿದ್ದಳು. ಕಲ್ಲುದಾರಿಯ ಮೇಲೆ ಹೊಸಬರೊಬ್ಬರು ಕೈ ಬೀಸಿ ನಡೆಯುತ್ತಿದ್ದರು. ಒಂದಿಷ್ಟೂ ನೋವಿಲ್ಲ ಎಂದು ಅವರು ಹೇಳಿದಾಗ ಮುದುಕರು ಚಪ್ಪಾಳೆ ತಟ್ಟಿದರು. ದಾರಿಯ ಅಂಚಿನಲ್ಲಿ ನಿಂತಿದ್ದ ಹೆಂಡತಿ ಹೆಮ್ಮೆಯಿಂದ ಸುತ್ತ ನೋಡಿದಳು.

ಬೀಯೂ ತರಕಾರಿ ಚೀಲ ಕೆಳಗಿಟ್ಟು ನೇರವಾಗಿ ಹೋಗಿ ಆ ಅಪರಿಚಿತರ ಮುಂದೆ ಕುಳಿತು ಎರಡೂ ಪಾದ ಹಿಡಿದಳು. ಚಪ್ಪಾಳೆ ನಿಂತಿತು. ಹೆಂಡತಿ ದಾಪುಗಾಲು ಹಾಕುತ್ತಾ ಬಂದಳು. ನನ್ನ ಗಂಡನ ಕಾಲು ಹಿಡಿಯಲು ನೀನು ಯಾರು ಎಂದು ಆ ಕಣ್ಣುಗಳು ಕೇಳುತ್ತಿದ್ದವು. ಆ ನೋಟದ ಉರಿ ಬೀಯೂಳಿಗೆ ಚೆನ್ನಾಗಿ ಗೊತ್ತಿತ್ತು.

ಅವಳು ಏಳಲಿಲ್ಲ. ಆಕೆಯ ಕೈಗಳನ್ನು ಹಿಡಿದು ಕೆಳಕ್ಕೆಳೆದು, ತನ್ನ ಕೈಗಳಿದ್ದ ಜಾಗದಲ್ಲಿಟ್ಟಳು.

"ನೀವೇ ನೋಡಿ ಅಕ್ಕಾ. ಎರಡೂ ಒಂದೇ ಥರ ಇದೆಯಾ?"

ಆಕೆಯ ಬೆರಳುಗಳು ಒಂದು ಪಾದದಿಂದ ಇನ್ನೊಂದಕ್ಕೆ ಹೋದವು, ಮತ್ತೆ ಮೊದಲನೆಯದಕ್ಕೆ ಬಂದವು. ಮುಖದ ಸಿಟ್ಟು ಇಳಿಯಿತು. ಬೀಯೂ ಪೇಶಾನಳಿಗೆ ಫೋನು ಹಚ್ಚಿದಳು. ಆಕೆಯ ಗಂಡ ಅದಕ್ಕೆ ಕೈ ಚಾಚಿದರು. ಅವಳು ಅವರಿಗೆ ಕೊಡದೆ, ಫೋನನ್ನು ಆಕೆಯ ಕಿವಿಗೇ ಹಿಡಿದಳು.