ಅತ್ತೆ ಕೇಳಿದ ಪಾಲು

“ನಿಮ್ಮ ಬಟಾಣಿ ತಗೊಂಡು ಹೋಗಿ ಹಂದಿಗೆ ಹಾಕಿ ಅತ್ತೆ. ನನ್ನ ಪೀಪಾಯಿಗೆ ಬೇಡ.”

“ಹಂದಿಗೆ ನಿನಗಿಂತ ಬುದ್ಧಿ ಇದೆ. ಒಳ್ಳೇದು ಕೊಟ್ಟರೆ ತಿನ್ನುತ್ತೆ,” ಅಂದಳು ಮೆಲೆಆನ.

ಮೀನಿನ ಡಬ್ಬಿಗಳನ್ನು ಒರೆಸುತ್ತಿದ್ದ ಹೆಂಗಸರು ತಲೆ ತಗ್ಗಿಸಿದರು. ಆಕ್ಲೆಂಡಿನ ಆ ಚರ್ಚಿನ ಸಭಾಂಗಣದಲ್ಲಿ ಅತ್ತೆ ಮೆಲೆಆನ, ಸೋದರಳಿಯ ಪೌಲಿಯಾಸಿ ಹೀಗೆ ಎದುರುಬದುರು ನಿಂತದ್ದನ್ನು ಯಾರೂ ಕಂಡಿರಲಿಲ್ಲ.

ಪ್ರತಿ ಕ್ರಿಸ್‌ಮಸ್ಸಿಗೂ ಇಲ್ಲಿನ ಟೋಂಗಾದವರು ಹಾಪಾಯ್ ದ್ವೀಪದ ತಮ್ಮೂರಿನ ಬಡ ಮನೆಗಳಿಗೆ ಪೀಪಾಯಿ ತುಂಬಿ ಆಹಾರ ಕಳಿಸುತ್ತಿದ್ದರು. ಈ ಸಲ ಊರಿನ ನರ್ಸಮ್ಮ ಫೋನು ಮಾಡಿದ್ದಳು. ಮಕ್ಕಳ ಮೈಯಲ್ಲಿ ರಕ್ತವಿಲ್ಲ, ದೊಡ್ಡವರಿಗೆಲ್ಲ ಸಕ್ಕರೆ ಕಾಯಿಲೆ, ಕೊಬ್ಬಿನ ಮಾಂಸ ಸಾಕು, ಮೀನು, ಹಾಲಿನ ಪುಡಿ, ಬಟಾಣಿ ಕಳಿಸಿ ಅಂತ. ಮೆಲೆಆನ ಮನೆಮನೆ ತಿರುಗಿ, ಕೊಡದವರನ್ನು ಬೈದು, ಅಷ್ಟನ್ನೂ ಕೂಡಿಸಿದ್ದಳು. ಇವತ್ತು ಸಂಜೆ ಹಡಗಿಗೆ ಒಯ್ಯುವ ಲಾರಿ ಬರಬೇಕು. ಅವಳು ಬಂದು ನೋಡಿದರೆ ಪೌಲಿಯಾಸಿ ನೀಲಿ ಪೀಪಾಯಿಗಳಿಗೆಲ್ಲ ಉಪ್ಪು ಹಾಕಿದ ದನದ ಮಾಂಸದ ಡಬ್ಬಿ ತುಂಬಿ, ಅವಳ ಸಾಮಾನನ್ನು ವೇದಿಕೆಯ ಕೆಳಗೆ ತಳ್ಳಿದ್ದ.

“ಕ್ರಿಸ್‌ಮಸ್ ದಿನ ಪೀಪಾಯಿ ತೆಗೆಯೋದು ಚರ್ಚಿನ ಅಂಗಳದಲ್ಲಿ,” ಅಂದ ಅವನು. “ಊರೆಲ್ಲ ಕೂತಿರುತ್ತೆ. ಸೆಮಿಸಿ ಮಗ ಇಂಥದ್ದು ಕಳಿಸಿದ್ದಾನೆ ಅಂತ ಒಬ್ಬ ಎದ್ದು ಕೂಗ್ತಾನೆ. ಬಟಾಣಿ ಅಂತ ಕೂಗಿಸಲಾ? ನಮ್ಮಪ್ಪನ ಹೆಸರಲ್ಲಿ?”

“ನಿಮ್ಮಪ್ಪನ ಕಾಲು ಎಲ್ಲಿ ಹೋಯಿತು ಹೇಳು.”

ಪೌಲಿಯಾಸಿಯ ಅಪ್ಪ ಸೆಮಿಸಿ ಮೆಲೆಆನಳ ತಮ್ಮ. ಸಕ್ಕರೆ ಕಾಯಿಲೆ ಮೊದಲು ಬೆರಳು ತಿಂದಿತ್ತು, ಆಮೇಲೆ ಮೊಣಕಾಲವರೆಗೆ. ಹಾಸಿಗೆಯಲ್ಲಿ ಬಿದ್ದಾಗಲೂ ಮಗ ಕಳಿಸಿದ ಮಾಂಸ ಅಂತ ಡಬ್ಬಿಯ ತಳ ಕೆರೆದು ತಿಂದವನು ಅವನು.

“ಅಪ್ಪನನ್ನು ದೇವರು ಕರೆಸಿಕೊಂಡ,” ಅಂದ ಪೌಲಿಯಾಸಿ.

“ಕರೆಸಿಕೊಂಡ, ಇಲ್ಲ ಅನ್ನಲ್ಲ. ಮೊದಲು ಕಾಲು ಕರೆಸಿಕೊಂಡ. ಉಳಿದದ್ದನ್ನು ಆಮೇಲೆ.”

ಹಿಂದೆ ಯಾರೋ ನಕ್ಕು, ಕೆಮ್ಮಿದ ಹಾಗೆ ಮಾಡಿದರು. ಪೌಲಿಯಾಸಿಯ ಕಿವಿ ಕೆಂಪಾಯಿತು. “ಮಾತಲ್ಲಿ ನಿಮ್ಮನ್ನ ಗೆಲ್ಲೋರು ಯಾರು ಅತ್ತೆ? ನಾನು ಮುಚ್ಚಳ ಹಾಕ್ತೀನಿ,” ಅಂತ ಬಗ್ಗಿದ.

ಬೈಗುಳಕ್ಕೆ ಜಗ್ಗುವ ಆಸಾಮಿ ಅವನಲ್ಲ, ಅವಳದೇ ರಕ್ತ. ಇನ್ನು ಉಳಿದದ್ದು ಒಂದೇ ದಾರಿ. ತಂದೆಯ ಅಕ್ಕ ಬಾಯಿಬಿಟ್ಟು ಕೇಳಿದ್ದನ್ನು ಅವರ ಕುಲದಲ್ಲಿ ತಮ್ಮನ ಮಕ್ಕಳು ಇಲ್ಲ ಅನ್ನುವ ಹಾಗಿಲ್ಲ. ಬೇರೆ ಅತ್ತೆಯರು ಮದುವೆಯಲ್ಲಿ ಒಂದು ಚಾಪೆಯನ್ನೋ ದೊಡ್ಡ ಕೇಕನ್ನೋ ಎತ್ತಿಕೊಂಡು ನಗುತ್ತಿದ್ದರು. ಮೆಲೆಆನ ಸೊಂಟದ ಮೇಲೆ ಹೊತ್ತು ಬೆಳೆಸಿದ ಈ ಹುಡುಗನ ಹತ್ತಿರ ಏನನ್ನೂ ಕೇಳಿದವಳಲ್ಲ. ಕೇಳಿದ ಮೇಲೆ ಅವನು ಹಳೆಯ ಪೌಲಿಯಾಸಿಯಾಗಿ ಉಳಿಯುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು.

ಅವಳು ಏಪ್ರನ್ ಬಿಚ್ಚಿ ಎಸೆದಳು. ಕುರ್ಚಿಯ ಮೇಲಿದ್ದ, ಕುಲದ ಕಾರ್ಯಗಳಿಗೆ ಉಡುವ ಚಾಪೆಯನ್ನು ಸೊಂಟಕ್ಕೆ ಸುತ್ತಿ ಹಗ್ಗ ಬಿಗಿದಳು. ಅದನ್ನು ನೋಡಿದ್ದೇ ಮುದುಕಿಯರು ಒಬ್ಬೊಬ್ಬರಾಗಿ ನೆಲಕ್ಕೆ ಕೂತರು.

“ಪೌಲಿಯಾಸಿ, ಈ ಮಾಂಸ ಯಾರದ್ದು?”

“ನನ್ನದು. ವರ್ಷವೆಲ್ಲ ಕಾರ್ಖಾನೆಯಲ್ಲಿ ದುಡಿದು ತಂದದ್ದು.”

“ನಿನ್ನದಾದರೆ ನನ್ನದು. ನಿಮ್ಮಪ್ಪನ ಅಕ್ಕ ಕೇಳ್ತಿದ್ದೀನಿ. ಅಷ್ಟೂ ಕೊಡು.”

ಮುಚ್ಚಳ ಅವನ ಕೈಯಲ್ಲೇ ನಿಂತಿತು. ಅವನ ಹೆಂಡತಿ ಸೇಲು ಏನೋ ಹೇಳಲು ಬಾಯಿ ತೆರೆದಳು. ಅವನು ಕೈ ಅಡ್ಡ ಹಿಡಿದ.

“ಅಷ್ಟೂ ಇಟ್ಟುಕೊಂಡು ಏನು ಮಾಡ್ತೀರಿ?”

“ಅದು ನಿನಗೆ ಬೇಡದ ಮಾತು.”

“ಎಲ್ಲಿಡಲಿ?”

“ನನ್ನ ವ್ಯಾನಿನಲ್ಲಿ.”

ನೆರವಿಗೆ ಬಂದವರನ್ನು ಅವನು ಹತ್ತಿರ ಸೇರಿಸಲಿಲ್ಲ. ಪೀಪಾಯಿಗಳನ್ನು ಒಂದೊಂದಾಗಿ ಬರಿದು ಮಾಡಿ, ಡಬ್ಬಿಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ, ಸುಡುಬಿಸಿಲಿನಲ್ಲಿ ತಾನೇ ಹೊತ್ತ. ಅಂಗಿ ಬೆನ್ನಿಗೆ ಅಂಟಿಕೊಂಡಿತು. ಒಂದು ಲೋಟ ನೀರು ಕುಡಿಯೋ ಅನ್ನಬೇಕು ಅಂತ ಬಾಗಿಲಲ್ಲಿ ನಿಂತಿದ್ದ ಮೆಲೆಆನಳಿಗೆ ಅನ್ನಿಸಿತು. ಅನ್ನಲಿಲ್ಲ. ಆ ಮಾತು ಹೊರಬಿದ್ದರೆ ಅದರ ಹಿಂದೆಯೇ ಅರ್ಧ ಮಾಂಸ ಇಟ್ಟುಕೋ ಅನ್ನುವುದೂ ಬಂದುಬಿಡುತ್ತಿತ್ತು. ಹೆಂಗಸರ ಕಡೆ ತಿರುಗಿ, “ಬಾಯಿ ನೋಡ್ತಾ ಕೂತರೆ ಪೀಪಾಯಿ ತುಂಬುತ್ತಾ? ಏಳಿ,” ಎಂದು ಗದರಿದಳು.

ಮೀನು ಕೆಳಗೆ, ಬಟಾಣಿ ನಡುವೆ, ಹಾಲಿನ ಪುಡಿ ಮೇಲೆ. ಎಲ್ಲ ಹಿಡಿಸಿತು.

ಕೊನೆಯ ಪೆಟ್ಟಿಗೆ ಇಟ್ಟು ಪೌಲಿಯಾಸಿ ಒಳಗೆ ಬಂದ. “ಇನ್ನೇನಾದರೂ ಬೇಕಾ ಅತ್ತೆ?”

“ಅಂಗಳದಲ್ಲಿ ನಿಮ್ಮಪ್ಪನ ಹೆಸರು ಕೂಗಲಿ. ಬಟಾಣಿ ಅಂತಾನೇ ಕೂಗಲಿ.”

“ಅಪ್ಪನದು ಕೂಗಿಸಿ. ನೀವು ಅವನ ಅಕ್ಕ. ನನ್ನದು ಬೇಡ.”

ತನ್ನ ಬಳಿಯಿದ್ದ ಸಭಾಂಗಣದ ಬೀಗದ ಕೈಗಳನ್ನು ಪೀಪಾಯಿಯ ಮೇಲಿಟ್ಟು, ಅವಳ ಮುಂದೆ ತಲೆ ಬಾಗಿಸಿ, ಹೊರಟುಹೋದ. ಸೇಲು ಅವನ ಹಿಂದೆ ಓಡಿದಳು.

ಲಾರಿ ಬಂತು. ಪೀಪಾಯಿಯ ಮುಚ್ಚಳಕ್ಕೆ ಕಬ್ಬಿಣದ ಬಳೆ ಹಾಕಿ ಬಿಗಿಯುವುದು ಇಬ್ಬರ ಕೆಲಸ. ಮೆಲೆಆನ ಒತ್ತಿ ಹಿಡಿಯುತ್ತಿದ್ದಳು, ಪೌಲಿಯಾಸಿ ಬಿಗಿಯುತ್ತಿದ್ದ. ವರ್ಷವರ್ಷವೂ ಹಾಗೇ ನಡೆದಿತ್ತು. ಮೆಲೆಆನ ಒಮ್ಮೆ ಬಾಗಿಲ ಕಡೆ ನೋಡಿದಳು. ಆಮೇಲೆ ಮೊಣಕಾಲೂರಿ, ಎದೆಯ ಭಾರವೆಲ್ಲ ಹಾಕಿ, ಒಬ್ಬಳೇ ಬಿಗಿದಳು.

ಭಾನುವಾರ ಚರ್ಚಿನಲ್ಲಿ ಪೌಲಿಯಾಸಿಯ ಬೆಂಚು ಖಾಲಿ ಇತ್ತು. ಅದರ ಮುಂದಿನ ಭಾನುವಾರವೂ.