ಅತ್ತೆಮಗನ ಕೊಡಲಿ

ಸೊಸೆ ಸಂತೆಯಿಂದ ರಿಪೇರಿ ಮಾಡಿದ ಕೊಡಲಿ ತಂದಳೆಂದು ದೊಡ್ಡತಾಯಮ್ಮ ಮಾಡಿದ ರಂಪ ಪೂರಿಗಾಲಿಯ ಅರ್ಧ ಕೇರಿಗೆ ಕೇಳಿಸಿತು. ಸಿಟ್ಟು ಬಂದರೆ ಆ ಮುದುಕಿಯ ಬಾಯಿಗೆ ಬೀಗ ಇರಲಿಲ್ಲ.

“ನೋಡ್ರವ್ವಾ ಇವಳ ವ್ಯಾಪಾರವ! ಒಸಾ ಕೊಡ್ಲಿ ತತ್ತೀನಿ ಅಂತ ಓದೋಳು ತ್ಯಾಪೆ ಆಕಿದ್ದ ತಂದವ್ಳೆ. ಮಲ್ಲೀ, ಕಣ್ಣ ಮನೇಲೇ ಬುಟ್ಟೋಗಿದ್ದೇನಮ್ಮಿ?”

“ಬಾಯಿ ಮುಕ್ಕಾಗಿತ್ತಂತೆ ಅತ್ತೆ. ಉಕ್ಕು ಬೆಸೆದು ಸರಿ ಮಾಡವ್ನೆ. ಅದ್ಕೇಯ ಅರ್ಧಕ್ಕರ್ಧ ಕಮ್ಮಿಗೆ ಕೊಟ್ಟ,” ಎಂದಳು ಮಲ್ಲಿಗಮ್ಮ ತಲೆ ಎತ್ತದೆ. “ಮನೆ ಸೌದೆಗೆ ತಾನೇ, ಸಾಕು ಬುಡಿ.”

“ಸಾಕಂತೆ ಸಾಕು! ಕಮ್ಮಿಗೆ ಕೊಟ್ಟ ಅಂದ್ರೆ ಕೈಯಾಕ್ಬುಡೋದಾ?”

ಮನೆಯಲ್ಲಿ ಕೊಡಲಿಯೇ ಇರಲಿಲ್ಲ ಎಂದಲ್ಲ, ಇತ್ತು. ಅದನ್ನು ಯುಗಾದಿ ಕಳೆದ ಮೇಲೆ ಮಗ ಪುಟ್ಟಮಾದಯ್ಯ ಹೆಗಲ ಮೇಲೆ ಹಾಕಿಕೊಂಡು ಕಾವೇರಿ ದಂಡೆಯ ಕಾಡಿಗೆ ಹೋಗಿದ್ದ. ಯುದ್ಧದ ಕಾಲ ಅದು. ಪೆಟ್ರೋಲು ಸಿಗದೆ ಬಸ್ಸುಗಳ ಬೆನ್ನಿಗೆ ಒಲೆ ಕಟ್ಟಿ ಇದ್ದಿಲಿನಲ್ಲಿ ಓಡಿಸುತ್ತಿದ್ದರು. ಇದ್ದಿಲು ಸುಡುವುದಕ್ಕೆ ಆಳು ಬೇಕೆಂದು ಯಾವನೋ ಮೇಸ್ತ್ರಿ ಊರೂರು ಸುತ್ತಿ ರಟ್ಟೆ ಗಟ್ಟಿ ಇದ್ದವರನ್ನು ಎಬ್ಬಿಸಿಕೊಂಡು ಹೋದ. ಪೂರಿಗಾಲಿಯಿಂದ ಹೊರಟವನು ಪುಟ್ಟಮಾದಯ್ಯ ಒಬ್ಬನೇ. ಹೋದವನು ಹೋದ. ಇದ್ದಾನೆಂದು ಹೇಳುವವರಿಲ್ಲ, ಇಲ್ಲವೆಂದು ಹೇಳುವವರೂ ಇಲ್ಲ. ಅವನು ಹೋದಮೇಲೆ ಸೌದೆ ಒಡೆಯಬೇಕಾದಾಗಲೆಲ್ಲ ಪಕ್ಕದ ಮನೆ ಮಂಚಮ್ಮನ ಕೊಡಲಿ ಬೇಡಬೇಕು. ಆ ಮಂಚಮ್ಮನೋ, ಕೊಡಲಿ ಒಂದು ಸಲ ಕೊಟ್ಟರೆ ಕೊಂಕು ಹತ್ತು ಸಲ ಆಡುವ ಹೆಂಗಸು. ಊರಿನ ಆಚಾರಿ ಕುಲುಮೆ ಮುಚ್ಚಿ ಮಂಡ್ಯದ ಸಕ್ಕರೆ ಕಾರ್ಖಾನೆ ಸೇರಿದ್ದ. ಮಳೆಗಾಲ ಬೇರೆ, ಹಿತ್ತಲಲ್ಲಿ ಹುಣಸೆ ದಿಮ್ಮಿ ಒಂದು ಬಿದ್ದಿತ್ತು. ಅದಕ್ಕೇ ದೊಡ್ಡತಾಯಮ್ಮ ತನಗೆ ಮಂಡಿನೋವೆಂದು ಸೊಸೆಯನ್ನು ಜವರಯ್ಯನ ಗಾಡಿಯಲ್ಲಿ ಮಳವಳ್ಳಿ ಸಂತೆಗೆ ಕಳಿಸಿದ್ದಳು.

“ಎಲ್ಲಿ, ತತ್ತಾ ಇಲ್ಲಿ ಆ ಸಿರಿಯ,” ಎಂದು ಕೊಡಲಿ ಕಿತ್ತುಕೊಂಡಳು ಮುದುಕಿ. ಅದರ ಮರದ ಕಾವಿನ ಮೇಲೆ ಕೈ ಜಾರಿಸಿದಳು. ಬೈಯಲು ತೆರೆದ ಬಾಯಿ ಹಾಗೇ ನಿಂತಿತು.

ದಿಂಡಿಗದ ಮರದ ಕಾವು. ಹಿಡಿಯುವಲ್ಲಿ ಹೆಬ್ಬೆರಳು ಊರಲು ಒಂದು ಗುಳಿ. ಆ ಗುಳಿ ಎಲ್ಲರಿಗೂ ಇರುವ ಕಡೆ ಇರಲಿಲ್ಲ, ಎಡಗೈ ಹೆಬ್ಬೆರಳಿಗೆ ಸರಿಯಾಗಿತ್ತು. ಅವಳ ಮಗ ಎಡಚ. ಎಡಗೈಯಲ್ಲಿ ಉಣ್ಣುತ್ತಾನೆಂದು ಚಿಕ್ಕಂದಿನಲ್ಲಿ ಅವನ ಆ ಕೈಯನ್ನು ಸೊಂಟಕ್ಕೆ ಸೇರಿಸಿ ಬಟ್ಟೆಯಲ್ಲಿ ಕಟ್ಟಿ ಕೂರಿಸುತ್ತಿದ್ದಳು. ಹುಡುಗ ಗೋಳೋ ಎಂದು ಅಳುವನು. ಉಣ್ಣುವುದನ್ನು ಹೇಗೋ ಕಲಿತ, ಕೊಡಲಿ ಮಾತ್ರ ಬಲಗೈಗೆ ಬರಲೇ ಇಲ್ಲ. ಕೊನೆಗೆ ಅವನಪ್ಪನೇ ಸೋತು ಈ ಕಾವು ಕೆತ್ತಿಕೊಟ್ಟಿದ್ದ. ಗಂಡ ಹೋಗಿ ಎಷ್ಟೋ ವರ್ಷವಾಗಿತ್ತು. ಅವನ ಕೈಗೆಲಸ ಅವಳಿಗೆ ತಿಳಿಯದೇ?

“ಯಾಕತ್ತೆ?” ಎಂದಳು ಮಲ್ಲಿಗಮ್ಮ.

“ಯಾಕೂ ಇಲ್ಲ. ಭಾರವಾಗೈತೆ. ಮೂಲೇಲಿ ಮಡಗು.”

ಆ ದಿನ ಅವಳು ತನ್ನ ಪಾಲಿನ ಮುದ್ದೆಯನ್ನು ಹಾಗೇ ಮುಚ್ಚಿಟ್ಟಳು. ಏನೇನೋ ಸಮಾಧಾನ ಹೇಳಿಕೊಂಡಳು. ಕೊಡಲಿ ಮುಕ್ಕಾಯಿತೆಂದು ಅವನೇ ಮಾರಿರಬಹುದು. ಕಳ್ಳರು ಕದ್ದಿರಬಹುದು. ಆದರೆ ಅಪ್ಪ ಕೆತ್ತಿದ ಕಾವನ್ನು ಆ ಮಗ ಮಾರುವವನಲ್ಲ ಎಂದು ಅವಳಿಗೆ ಗೊತ್ತಿತ್ತು. ಬಾಯಿ ಬಿಟ್ಟು ಅಳೋಣವೆಂದರೆ ಎದುರಿಗೆ ಸೊಸೆ. ಮದುವೆಯಾಗಿ ಎರಡು ಯುಗಾದಿ ಕಂಡಿಲ್ಲದ ಹುಡುಗಿ, ಹಣೆ ತುಂಬ ಕುಂಕುಮ. ತಾನೊಂದು ಮಾತು ಆಡಿದರೆ ನಾಳೆ ಬೆಳಗ್ಗೆ ಈ ಮಂಚಮ್ಮನೇ ಮುಂದೆ ನಿಂತು ಅವಳ ಬಳೆ ಒಡೆಸುತ್ತಾಳೆ. ಇಷ್ಟೇ ಕಾರಣ ಎಂದರೆ ಸುಳ್ಳಾಗುತ್ತದೆ. ಸುದ್ದಿ ಗೊತ್ತಾದರೆ ನಿಡಘಟ್ಟದಿಂದ ಹುಡುಗಿಯ ಅಣ್ಣಂದಿರು ಬಂದು ಕರೆದುಕೊಂಡು ಹೋಗುತ್ತಾರೆ, ಇನ್ನೊಬ್ಬನ ಮನೆಗೆ ಕೂಡಿಕೆ ಮಾಡುತ್ತಾರೆ. ಆಮೇಲೆ ತನಗೆ ಯಾರು? ಈ ಯೋಚನೆ ಬಂದಾಗ ದೊಡ್ಡತಾಯಮ್ಮನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಬಾಯಿ ಬಿಡಲಿಲ್ಲ.

ಮಲ್ಲಿಗಮ್ಮ ಹಿತ್ತಲಲ್ಲಿ ಸೌದೆ ಒಡೆಯುವಳು. ಕೊಡಲಿ ಅವಳ ಕೈಯಲ್ಲಿ ನೇರ ಬೀಳದು. ದಿಮ್ಮಿಯ ಬದಿಗೆ ಸವರಿ ನೆಲಕ್ಕೆ ಕಚ್ಚುವುದು. ಮುದುಕಿ ಜಗಲಿಯಿಂದ ಬೇಕೆಂದೇ ಗೊಣಗುವಳು: “ಕಮ್ಮಿ ಕಾಸಿಂದು ಅಂದ್ರೆ ಇಷ್ಟೇಯ! ಏಳಿದ ಮಾತ ಕೇಳಲ್ಲ ಈ ದರಿದ್ರದ್ದು.” ಸೊಸೆ ಬೇಕೆಂದೇ ನಗುವಳು. ಹೀಗೆ ಅತ್ತೆ ಸೊಸೆ ಇಬ್ಬರೂ ಆ ವಾರ ಚೆನ್ನಾಗಿಯೇ ದಿನ ದೂಡಿದರು.

ಗೌರಿ ಹಬ್ಬ ಹತ್ತಿರ ಬಂತು. ಬಳೆಗಾರ ಕೇರಿಗೆ ಬಂದ. ಮಲ್ಲಿಗಮ್ಮ ಒಳಗೇ ಉಳಿದಳು. “ಇರೋವೇ ಚೆನ್ನಾಗವೆ ಅತ್ತೆ, ಬ್ಯಾಡ,” ಎಂದಳು.

“ಬ್ಯಾಡ ಅಂದ್ರೆ? ಮುತ್ತೈದೆ ಅಂಗನ್ನಬಾರ್ದು. ಬಾ ಈಚ್ಗೆ.” ದೊಡ್ಡತಾಯಮ್ಮ ರಟ್ಟೆ ಹಿಡಿದು ಎಳೆತಂದು ಕೂರಿಸಿದಳು. ಬಳೆಗಾರ ಹಸಿರು ಬಳೆ ಏರಿಸುವಾಗ ಹುಡುಗಿ ಕೈ ಹಿಂದಕ್ಕೆ ಎಳೆದುಕೊಂಡಳು. ನೋವಾಯಿತೇನೋ ಎಂದುಕೊಂಡಳು ಅತ್ತೆ.

ಮುಂದಿನ ಸಂತೆಗೆ ಅವಳು ತಾನೇ ಹೊರಟಳು. ಕೊಡಲಿಯ ಕಾವು ಅಲ್ಲಾಡುತ್ತದೆ, ಬೆಣೆ ಹಾಕಿಸಬೇಕು ಎಂದು ನೆಪ ಹೇಳಿದಳು. “ಮಂಡಿನೋವಲ್ವಾ ಅತ್ತೆ, ನಾನೇ ಓಯ್ತೀನಿ,” ಎಂದು ಸೊಸೆ ಅಡ್ಡ ಬಂದಳು. ಎಂದೂ ಎದುರು ಮಾತಾಡದವಳು ಅವತ್ತು ಗಾಡಿಯವರೆಗೂ ಬಂದು ಕೇಳಿಕೊಂಡಳು. ದೊಡ್ಡತಾಯಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ.

ಮಳವಳ್ಳಿ ಸಂತೆಯ ಅಂಚಿನಲ್ಲಿ, ಹಳೇ ಕುಡುಗೋಲು, ನೇಗಿಲ ಗುಳ, ಮಚ್ಚುಗಳ ರಾಶಿ ಹರವಿಕೊಂಡು ಒಬ್ಬ ಆಚಾರಿ ಕೂತಿದ್ದ. ಒಳ್ಳೆಯ ಮನುಷ್ಯ, ಬಾಯಿ ಸ್ವಲ್ಪ ಸಡಿಲ. ಕೊಡಲಿ ನೋಡಿದವನೇ ನಕ್ಕ.

“ಓ, ಇದಾ! ಎಡಚನ ಕೊಡ್ಲಿ ಕಣವ್ವ ಇದು. ನಂಗೆ ಮಾರಕೇ ಮನ್ಸಿರ್ನಿಲ್ಲ. ಓದ ಸಂತೇಲಿ ಒಂದು ಉಡ್ಗಿ ಕಾಡಿ ಬೇಡಿ ತಗಂಡೋಯ್ತು.”

“ನಮ್ಮೂರ ಉಡ್ಗೀನೇಯ. ಬೆಣೆ ಆಕುಸ್ಕಂಡು ಬತ್ತೀನಿ ಅಂತ ನಾನು ಈಸ್ಕಂಡು ಬಂದೆ,” ಎಂದಳು ದೊಡ್ಡತಾಯಮ್ಮ. “ಇದು ನಿಂಗೆಲ್ಲಿ ಸಿಕ್ತಪ್ಪ?”

“ಅವಳೂ ಇದ್ನೇ ಕೇಳಿದ್ಲು. ಕಾವು ಇಡ್ಕಂಡು ನಿಂತ್ಬುಟ್ಲು. ಯಾರ್ದು, ಗೊತ್ತೇನವ್ವ ಅಂದೆ. ‘ನಮ್ಮತ್ತೆ ಮಗುಂದು’ ಅಂದ್ಲು. ಅಣೇಲಿ ಕುಂಕ್ಮ ಐತೆ, ಕೈಲಿ ಬಳೆ ಐತೆ. ಅತ್ತೆಮಗ ತಾನೇ ಅಂತ ನಾನು ಇದ್ದದ್ದ ಇದ್ದಂಗೇ ಏಳ್ಬುಟ್ಟೆ. ಗಂಡ ಗಿಂಡ ಆಗಿದ್ರೆ ಏಳಕೆ ಬಾಯಿ ಬತ್ತಿತ್ತಾ?”

ದೊಡ್ಡತಾಯಮ್ಮ ಅಲ್ಲೇ ಗುಳದ ರಾಶಿಯ ಪಕ್ಕ ಕುಕ್ಕರಿಸಿದಳು. ಗಂಡನ ಹೆಸರು ಬಾಯಲ್ಲಿ ಎತ್ತಬಾರದೆಂದು ಆ ಹುಡುಗಿ ‘ನಮ್ಮತ್ತೆ ಮಗ’ ಎಂದಿದ್ದಳು. ಮನೆಯಲ್ಲೂ ಹಾಗೇ ಅನ್ನುತ್ತಿದ್ದಳು. ಈ ಆಚಾರಿ ಅದನ್ನು ಸೋದರತ್ತೆಯ ಮಗನೆಂದು ತಿಳಿದುಕೊಂಡ.

“ನಂಗೂ ಏಳಪ್ಪ,” ಎಂದಳು.

“ಏನೇಳದು ಕಣವ್ವ. ಇದ್ದಿಲು ಸುಡೋರ್ಗೆ ಕೊಡ್ಲಿ ಮಚ್ಚು ತಟ್ಟಿಕೊಡಕೆ ಅಂತ ನಾನೂ ಆ ಕಾಡಲ್ಲೇ ಕುಲುಮೆ ಊಡಿದ್ದೆ. ಮಳೆ ಇಡ್ಕಂತು ನೋಡು, ಚಳಿಜ್ವರ ಸುರುವಾಯ್ತು. ಮೇಸ್ತ್ರಿ ಎದ್ರಿ ಓಡೋದ. ಎಡಚ ಮಲಗ್ಬುಟ್ಟ. ಒಳ್ಳೆ ಮನ್ಸ, ಬೇರೇರ್ಗೆ ನೀರು ಕಾಸಿ ಕೊಟ್ಟು ಕೊಟ್ಟು ತಾನು ಮಲಗ್ದ. ಜ್ವರ ಏರ್ದಾಗ ಒಂದೇ ಮಾತು ಕಣವ್ವ. ‘ಅವ್ವಾ, ಕೈ ಕಟ್ಬ್ಯಾಡ ಕಣವ್ವ, ಬಲಗೈಲೇ ಉಣ್ತೀನಿ ಕಣವ್ವ’ ಅಂತ. ನಾವ್ಯಾರೂ ಅವನ ಕೈ ಕಟ್ಟಿರ್ನಿಲ್ಲ. ಎಡಗೈಯ ನಾನು ಇಡ್ಕಂಡೇ ಕೂತಿದ್ದೆ. ಆದ್ರೂವೆ ಬುಡ್ಸು ಬುಡ್ಸು ಅಂತಿದ್ದ. ಅಂಗೇ ಓಗ್ಬುಟ್ಟ. ಗುಂಡಿ ತೋಡಿ ಮಣ್ಣಾಕ್ದೋನು ನಾನೇಯ. ಕೊಡ್ಲಿ ನನ್ನತ್ರವೇ ಉಳ್ಕಂತು. ಯಾವೂರು, ಯಾರ ಮಗ, ಒಂದೂ ಕೇಳಿರ್ನಿಲ್ವಲ್ಲ ಅಂತ ಆಮೇಲೆ ಕೊರಗ್ದೆ.”

ದೊಡ್ಡತಾಯಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಕಟ್ಟಿದವಳು ಅವಳೇ. ಆ ಕೈಗೆ ಬಿಗಿದ ಗಂಟು ಅವಳದೇ. ಮಗ ಕಾಡಿನ ಮಣ್ಣಿಗೆ ಹೋಗುವಾಗಲೂ ಅದನ್ನು ಬಿಚ್ಚಿಕೊಂಡು ಹೋಗಲಿಲ್ಲ. ಅಯ್ಯೋ ನನ್ನಪ್ಪಾ, ಯಾವ ಕೈಯಲ್ಲಾದರೂ ಉಣ್ಣೋ ಎಂದು ಕೂಗಬೇಕೆನಿಸಿತು. ಇನ್ನು ಯಾರಿಗೆ ಕೂಗುವುದು?

ಸೆರಗನ್ನು ಬಾಯಿಂದ ತೆಗೆದು ಕೇಳಿದಳು: “ಅದ ಕೇಳಿ ಆ ಉಡ್ಗಿ ಏನಂದ್ಲು?”

“ಅಳ್ನೂ ಇಲ್ಲ ಕಣವ್ವ. ‘ಈ ಕೈ ಕಟ್ಟೋ ಮಾತೊಂದ ಇನ್ಯಾರ್ಗೂ ಏಳ್ಬ್ಯಾಡಿ, ನಿಮ್ಮ ದಮ್ಮಯ್ಯ’ ಅಂದ್ಲು. ಊಂ ಅಂದಿದ್ದೆ. ನನ್ನ ಬಾಯಿಗಿಷ್ಟು... ನಿಂಗೆ ಏಳ್ಬುಟ್ಟೆ ನೋಡು.” ಆಚಾರಿ ಬೆಣೆ ಬಡಿದು ಕೊಡಲಿಯನ್ನು ಅವಳ ಮುಂದಿಟ್ಟ. “ಬೆಣೆಗೇನೂ ಬ್ಯಾಡ, ಓಗವ್ವ.”

ಗಾಡಿಯಲ್ಲಿ ದಾರಿಯುದ್ದಕ್ಕೂ ಜವರಯ್ಯ ಏನೇನೋ ಮಾತಾಡಿದ. ಅವಳು ಊಂ ಎನ್ನುತ್ತಾ ಬಂದಳು. ಕೊಡಲಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಬಳೆ ತೊಡಿಸುವಾಗ ಹಿಂದಕ್ಕೆ ಸರಿದ ಆ ಕೈ ನೆನಪಾಯಿತು. ಪಾಪಿ ನಾನು, ಎಳೆತಂದು ಕೂರಿಸಿದೆನಲ್ಲ ಎಂದುಕೊಂಡಳು.

ಮನೆಗೆ ಬರುವಾಗ ಇನ್ನೂ ಬೆಳಕಿತ್ತು. ಮಲ್ಲಿಗಮ್ಮ ಒಲೆಯ ಮುಂದಿದ್ದವಳು ಎದ್ದು ನಿಂತಳು. ಅತ್ತೆಯ ಮುಖ ನೋಡಿದಳು.

“ಅತ್ತೆಮಗ ಅಂದ್ಯಂತಲ್ಲೇ,” ಎಂದಳು ದೊಡ್ಡತಾಯಮ್ಮ.

“ಇನ್ನೇನನ್ನಲಿ ಅತ್ತೆ? ಎಸ್ರ ಎಂಗೆ ಎತ್ತಲಿ?”

“ಒಂದು ವಾರ ಒಟ್ಟೇಲಿ ಎಂಗಮ್ಮಿ ಇಟ್ಕಂಡಿದ್ದೆ?”

“ನೀವು ಎಂಗೆ ಇಟ್ಕಂಡಿದ್ರಿ? ಕಾವು ಮುಟ್ದಾಗ್ಲೇ ನಿಮಗೆ ತಿಳೀತು ಅಂತ ನಂಗೂ ಗೊತ್ತಾಯ್ತು. ಇನ್ನೊಂದು ಮಾತು ನಿಮ್ಮ ಕಿವಿಗೆ ಬೀಳ್ದಿದ್ರೆ ಸಾಕು ಅನ್ಕಂಡಿದ್ದೆ. ಅದ್ನೂ ಏಳ್ಬುಟ್ನಾ?”

ಮುದುಕಿ ಹೌದೆಂದು ತಲೆಯಾಡಿಸಿದಳು. ಮಲ್ಲಿಗಮ್ಮ ಅವಳ ಎದುರು ಕೂತು ಎರಡೂ ಕೈ ಮುಂದೆ ಚಾಚಿದಳು. “ನೀವು ಅಳ್ಬೇಕು ಅತ್ತೆ. ನನ್ನ ದೆಸೆಯಿಂದ ಮಗನಿಗೆ ಅಳ್ದೆ ಕೂತಿದ್ದೀರಿ. ಈ ಬಳೆಯ ತೆಗ್ದಾಕ್ತೀನಿ. ಬಾಯ್ತುಂಬ ಅತ್ಬುಡಿ.”

ದೊಡ್ಡತಾಯಮ್ಮ ಆ ಮಣಿಕಟ್ಟುಗಳನ್ನು ಬಳೆಯ ಸಮೇತ ಬಿಗಿಯಾಗಿ ಹಿಡಿದುಕೊಂಡಳು. “ಬ್ಯಾಡ. ನಾಳೆ ಗೌರಿ. ಈ ಒಂದು ಅಬ್ಬ ಕೈತುಂಬ ಬಳೆ ಇಟ್ಕಂಡು ಮಾಡು. ಸೂತಕದಲ್ಲಿ ಮಾಡಿದ ಪಾಪ ತಟ್ಟಿದ್ರೆ ನಂಗೆ ತಟ್ಟಲಿ. ಆಮೇಲೆ ನಿಡಘಟ್ಟಕ್ಕೆ ನಾನೇ ಏಳಿ ಕಳಿಸ್ತೀನಿ. ಬೇರೆ ಮನೆ ಸೇರಿ ಬದುಕಮ್ಮಿ ನೀನು. ಇಷ್ಟು ದಿನ ಅದಕ್ಕೂ ಎದ್ರಿ ಬಾಯ್ಮುಚ್ಕಂಡಿದ್ದೆ ಕಣವ್ವ, ನೀನು ಓದ್ರೆ ನಂಗ್ಯಾರು ಅಂತ.”

ಮಲ್ಲಿಗಮ್ಮ ಅತ್ತೆಯ ಮಡಿಲಿಗೆ ಮುಖ ಹಾಕಿದಳು. ಇಬ್ಬರಿಗೂ ತಡೆಯಲಾಗಲಿಲ್ಲ. ಆದರೆ ದನಿ ತೆಗೆದರೆ ಕೇರಿಯೆಲ್ಲ ಬಾಗಿಲಿಗೆ ಬರುತ್ತದೆ. ಸದ್ದು ಹೊರಗೆ ಹೋಗದಂತೆ ಒಬ್ಬರ ಸೆರಗಿನಲ್ಲೊಬ್ಬರು ಬಾಯಿ ಮುಚ್ಚಿಕೊಂಡು ಅತ್ತರು. ಅಷ್ಟರಲ್ಲಿ ಅಂಗಳದಲ್ಲಿ ಹೆಜ್ಜೆಯ ಸದ್ದಾಯಿತು. ಮಲ್ಲಿಗಮ್ಮ ದಡಬಡನೆ ಎದ್ದು ಹಸಿ ಸೌದೆ ನಾಲ್ಕು ಎಳೆದು ಒಲೆಗೆ ತುರುಕಿದಳು. ಮನೆ ತುಂಬ ಹೊಗೆ ಎದ್ದಿತು.

“ಏನ್ರವ್ವ ಇದು ಒಗೆ!” ಎಂದು ಕೆಮ್ಮುತ್ತ ಹೊಸ್ತಿಲಲ್ಲಿ ನಿಂತಳು ಮಂಚಮ್ಮ. ಕೈಯಲ್ಲಿ ಹಬ್ಬಕ್ಕೆಂದು ಕೊಯ್ದ ಹೂವಿನ ಬುಟ್ಟಿ ಇತ್ತು. “ಇಬ್ಬರ ಕಣ್ಣೂ ಕೆಂಪಗಾಗವೆ. ಅಸಿ ಸೌದೆ ಯಾಕ್ರವ್ವ ಆಕ್ತೀರಿ? ಸೊಸೆಗೆ ಬುದ್ಧಿ ಏಳಬಾರ್ದಾ ದೊಡ್ಡತಾಯಮ್ಮ?”

“ಕೊಡ್ಲಿ ಕೈಗೆ ಸಿಕ್ತು ಅಂತ ಅಸೀದು ಒಣಗಿದ್ದು ಒಂದೂ ನೋಡ್ದೆ ಒಡ್ದಾಕವ್ಳೆ,” ಎಂದಳು ದೊಡ್ಡತಾಯಮ್ಮ ಕಣ್ಣೊರೆಸಿಕೊಳ್ಳುತ್ತ.

ಮಂಚಮ್ಮ ಬುಟ್ಟಿಯಿಂದ ಒಂದು ಹಿಡಿ ಹೂ ತೆಗೆದು ಮಲ್ಲಿಗಮ್ಮನ ಸೆರಗಿಗೆ ಹಾಕಿದಳು. ಅವತ್ತು ಯಾಕೋ ಅವಳ ಮಾತಿನಲ್ಲಿ ಕೊಂಕಿರಲಿಲ್ಲ. “ಒಸಾ ಬಳೆ ಲಕ್ಷಣವಾಗವೆ ಕಣಮ್ಮಿ ನಿನ್ನ ಕೈಗೆ,” ಎಂದವಳು ಮುದುಕಿಯ ಕಡೆ ತಿರುಗಿದಳು. “ಅಬ್ಬಕ್ಕಾದ್ರೂ ಬತ್ತಾನಾ ನಿನ್ನ ಮಗ?”

ಮಲ್ಲಿಗಮ್ಮ ಒಲೆಯ ಕಡೆ ಮುಖ ತಿರುಗಿಸಿ ಊದುಕೊಳವೆ ಬಾಯಿಗಿಟ್ಟುಕೊಂಡಳು. ಊದಲಿಲ್ಲ.

“ಬತ್ತಾನೆ ಕಣೆ,” ಎಂದಳು ದೊಡ್ಡತಾಯಮ್ಮ. “ಬರ್ದೆ ಎಲ್ಲೋಗ್ತಾನೆ.”